ಒಂಬತ್ತು ಅಂಕಣ

ನಮ್ಮೂರಲ್ಲಿ ಜನರಿಲ್ಲದ ಮನೆ ಕುಗ್ಗುತ್ತದೆ. ಅದಕ್ಕೇ ಕಟ್ಟಿ ಮುಗಿಸಿದ ಮನೆ ಮಾರಾಟವಾಗುವ ತನಕ ಅದರಲ್ಲಿ ಯಾರಾದರೂ ಬದುಕುತ್ತಿರಬೇಕು. ಆ ಯಾರಾದರೂ ಅಂದರೆ ನಾವು. ನಮ್ಮನ್ನು ಉಸಿರಾಳುಗಳು ಅನ್ನುತ್ತಾರೆ.

ತಾತ ಪಾಲಯ್ಯ ಮೀಸೆ ಬರುವ ಮೊದಲೇ ಈ ಕೆಲಸಕ್ಕೆ ಇಳಿದವನು. ಅಪ್ಪ ಹುಟ್ಟಿದ್ದು ಇಂಥದ್ದೇ ಒಂದು ಮನೆಯಲ್ಲಿ, ಯಾವುದೆಂದು ಯಾರಿಗೂ ನೆನಪಿಲ್ಲ. ಕಂಟ್ರಾಕ್ಟರು ಹೊಸ ಮನೆಯ ಬೀಗದ ಕೈ ಕೊಡುತ್ತಾನೆ. ನಾವು ಹೋಗಿ ಒಲೆ ಹಚ್ಚುತ್ತೇವೆ, ಉಣ್ಣುತ್ತೇವೆ, ಜಗಳ ಆಡುತ್ತೇವೆ, ಮಲಗುತ್ತೇವೆ. ಕೊಳ್ಳುವವರು ಸಿಕ್ಕ ದಿನವೇ ಹಾಸಿಗೆ ಸುತ್ತಿ ಮುಂದಿನ ಮನೆಗೆ ನಡೆಯುತ್ತೇವೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹಿತ್ತಿಲಲ್ಲಿ ಗಿಡ ನೆಡುವಂತಿಲ್ಲ. ಉಳಿದಂತೆ ಸುಖದ ಕೆಲಸ. ನಾನು ಬೆಳೆದದ್ದೆಲ್ಲ ಹಸಿ ಸುಣ್ಣದ ವಾಸನೆಯಲ್ಲಿ.

ಸುಮ್ಮನೆ ಕೂರುವವರಿಂದ ಮನೆ ಅಷ್ಟಾಗಿ ನಿಲ್ಲುವುದಿಲ್ಲ. ಬಾಯಿ ಇರುವ ಸಂಸಾರವೇ ಬೇಕು. ಕಂಟ್ರಾಕ್ಟರ್ ಜಂಬಣ್ಣ ನಮ್ಮಮ್ಮನನ್ನು ಕಂಡಾಗಲೆಲ್ಲ, "ದುರುಗಮ್ಮ, ನಿನ್ನ ಬಾಯಿಗೇ ಬೇರೆ ಕೂಲಿ ಕೊಡಬೇಕು ಕಣಮ್ಮ, ನಿನ್ನಿಂದ ನನ್ನ ಮನೆಗಳು ಒಂದು ಬೆರಳೂ ಇಳಿದಿಲ್ಲ" ಅನ್ನುತ್ತಿದ್ದ. ಅಮ್ಮ ಅದನ್ನು ಹೊಗಳಿಕೆ ಅಂತಲೇ ತಿಳಿದಿದ್ದಳು. ಹೊಗಳಿಕೆಯೇ ಆಗಿತ್ತು.

ಆಮೇಲೆ ಊರಿನ ಹತ್ತಿ ಬಿಡಿಸುವ ಜಿನ್ನು ಮಿಲ್ಲು ನಿಂತಿತು. ಜಿನ್ನಿನವರು ಮನೆ ಕೊಳ್ಳುವುದು ಬಿಟ್ಟರು, ಅವರನ್ನು ನೋಡಿ ಅಂಗಡಿಯವರು ಬಿಟ್ಟರು, ಅವರನ್ನು ನೋಡಿ ಮೇಷ್ಟ್ರುಗಳು ಬಿಟ್ಟರು. ಮಾರಾಟವಿಲ್ಲದ ಮೇಲೆ ಉಸಿರಾಳುಗಳಿಗೆ ಕೂಲಿ ಎಲ್ಲಿಂದ ಬರಬೇಕು? ಜಂಬಣ್ಣ ನೀರಿನ ಟ್ಯಾಂಕಿನ ಹಿಂದೆ ಒಂದು ಸಾಲು ಮನೆ ಕಟ್ಟಿಸಿದ್ದ. ನಾವು ಅದರಿಂದ ಹೊರಬಿದ್ದು ಇಟ್ಟಿಗೆ ಭಟ್ಟಿಯ ಪಕ್ಕದ ತಗಡಿನ ಶೆಡ್ಡಿಗೆ ಹೋದೆವು. ಶೆಡ್ಡು ಕುಗ್ಗುವುದಿಲ್ಲ. ಕುಗ್ಗಲು ಅದರಲ್ಲಿ ಏನೂ ಇರುವುದಿಲ್ಲ. ಅಲ್ಲಿ ತಾತನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಇತ್ತ ಜಂಬಣ್ಣನ ಸಾಲು ದಿನದಿನಕ್ಕೆ ಇಳಿಯಿತು. ಬಾಗಿಲಿಗೆ ಬಗ್ಗಬೇಕಾಯಿತು, ಆಮೇಲೆ ಕಿಟಕಿಗಳು ಕನ್ನಡಿಯಷ್ಟಾದವು. "ಜಂಬಣ್ಣ ಈಗ ಕೋಳಿಗೂಡು ಮಾರ್ತಾನಂತೆ" ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರು. ನಕ್ಕವರ ಮನೆಯಲ್ಲೂ ಒಬ್ಬೊಬ್ಬ ಗಾರೆಯವನು ಕೆಲಸವಿಲ್ಲದೆ ಕೂತಿದ್ದ.

ಮನೆ ಕಟ್ಟಿಸುವವರೆಲ್ಲ ಹೋಗಿ ನಗರಸಭೆಯ ಮುಂದೆ ಕೂತರು. ಕೊನೆಗೆ ಆದೇಶ ಬಂತು. ಇದುವರೆಗೆ ಸ್ವಂತ ಮನೆ ಇಲ್ಲದವರು ಯುಗಾದಿಯ ಹಿಂದಿನ ದಿನದೊಳಗೆ ಮನೆ ಕೊಂಡರೆ, ಅವರ ಕೂಲಿಯಲ್ಲಿ ಅಲ್ಲಿಯತನಕ ಮುರಿದುಕೊಂಡ ತೆರಿಗೆಯೆಲ್ಲ ವಾಪಸು, ಅದೂ ನೇರವಾಗಿ ಕಟ್ಟಿಸಿದವನ ಕೈಗೆ, ಮನೆಯ ಬಾಬ್ತು. ಆದರೆ ಈ ವಿನಾಯಿತಿ ಬಡವರಿಗೆ ಮಾತ್ರ. ನಮ್ಮಲ್ಲಿ ಮನೆಯನ್ನು ಅಂಕಣದಲ್ಲಿ ಅಳೆಯುತ್ತಾರೆ, ಕಂಬದಿಂದ ಕಂಬಕ್ಕೆ ಒಂದು ಅಂಕಣ. ಒಂಬತ್ತು ಅಂಕಣ ಮೀರಿದರೆ ಅದು ಉಳ್ಳವರ ಮನೆ, ವಿನಾಯಿತಿ ಇಲ್ಲ. ಏಳಕ್ಕಿಂತ ಕಡಿಮೆಯಾದರೆ ಅದು ಮನೆಯೇ ಅಲ್ಲ, ಆಗಲೂ ಇಲ್ಲ. ಮೋಜಣಿಯವರು ಬಂದು ಹೊರಗಿನಿಂದ ಅಳೆದ ದಿನ ಎಷ್ಟಿದೆಯೋ ಅಷ್ಟೇ ಲೆಕ್ಕ.

ಜಂಬಣ್ಣ ತಾನೇ ಶೆಡ್ಡಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟ. ಅವನು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟದ್ದು ನಾನು ನೋಡಿದ್ದು ಅದೇ ಮೊದಲು.

"ಓಬಳೇಶಿ, ಸಾಲಿನ ಕೊನೇ ಮನೆ ನೀನೇ ತಗೊಳ್ಳೋ" ಅಂದ ಅಪ್ಪನಿಗೆ.

ಅಪ್ಪ ನಕ್ಕುಬಿಟ್ಟ. "ಏನಣ್ಣಾರೆ, ಮಧ್ಯಾಹ್ನಾನೇ ಹಾಕ್ಕೊಂಡು ಬಂದಿದ್ದೀರಾ?"

"ತಮಾಷೆ ಅಲ್ಲ. ಇಷ್ಟು ವರ್ಷ ನಿನ್ನ ಕೂಲಿಯಿಂದ ತೆರಿಗೆ ಅಂತ ಮುರ್ಕೊಂಡಿದ್ದಾರಲ್ಲ, ಅದು ನನಗೆ ಬರುತ್ತೆ. ಉಳಿದದ್ದು ತಿಂಗಳಿಗಿಷ್ಟು ಅಂತ ಕೊಡು. ನನ್ನ ಮನೆ ಒಂದಾದರೂ ಮಾರಿದೆ ಅಂತ ಊರಿಗೆ ಗೊತ್ತಾದರೆ ಸಾಕು, ಬಾಕಿ ಮನೆಗಳಿಗೂ ಜನ ಬರ್ತಾರೆ. ಇಲ್ಲದಿದ್ರೆ ಯುಗಾದಿ ಆದಮೇಲೆ ನಾನೂ ಈ ಶೆಡ್ಡಿಗೇ ಬರಬೇಕು."

"ಜಾಗ ಇಲ್ಲ ಇಲ್ಲಿ" ಅಂದ ತಾತ ಮೂಲೆಯಿಂದ. ಲಕ್ವ ಹೊಡೆದಮೇಲೆ ಅವನ ಮಾತು ತೊದಲುತ್ತಿತ್ತು, ಚುಚ್ಚುವುದು ಮಾತ್ರ ಕಡಿಮೆಯಾಗಿರಲಿಲ್ಲ.

ಆ ಕೊನೇ ಮನೆ ಆಗ ಆರು ಅಂಕಣಕ್ಕೆ ಇಳಿದಿತ್ತು. ನಾವು ಬಗ್ಗಿಕೊಂಡು ಒಳಗೆ ಹೋದೆವು. ತಾತನನ್ನು ಅಪ್ಪ ಬೆನ್ನಮೇಲೆ ಹೊತ್ತು ತಂದ. ಮಂಚದ ಮೇಲೆ ಮಲಗಿಸಿದ ಕೂಡಲೇ ತಾತ, "ಲೇ ಓಬಳ, ಒಂದು ಮೊಳೆ ಹೊಡಿಯೋ" ಅಂದ.

"ಯಾಕಪ್ಪ?"

"ಯಾಕೆ ಅಂತ ಕೇಳೋ ಮನೆ ಅಲ್ಲ ಇದು. ಹೊಡಿ ಅಂದ್ರೆ ಹೊಡಿ."

ಅಪ್ಪ ಹೊಡೆದ. ತಾತ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು ಅದಕ್ಕೆ ತೂಗುಹಾಕಿಸಿ, ಬರಿಮೈಯಲ್ಲಿ ಮಲಗಿ ಅದನ್ನೇ ನೋಡಿದ.

ತಪ್ಪು ಮಾಡಿದ್ದು ಅಮ್ಮ, ಆದರೆ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಕುಗ್ಗಿದ ಮನೆ ಜನ ಹೊಕ್ಕರೆ ಮತ್ತೆ ಬೆಳೆಯುತ್ತದೆ, ಆದರೆ ನಾಲ್ಕು ಜನರ ಉಸಿರಿಗೆ ಅದು ನಿಧಾನ. ಯುಗಾದಿ ಹತ್ತಿರ ಬಂದರೂ ಮನೆ ಏಳಕ್ಕೆ ಮುಟ್ಟಲಿಲ್ಲ. ಅಮ್ಮ ಹೆದರಿ ತನ್ನ ತವರಿಗೆಲ್ಲ ಹೇಳಿಕಳಿಸಿದಳು. ಅವರೆಲ್ಲ ಉಸಿರಾಳುಗಳೇ, ಎಲ್ಲರೂ ಕೆಲಸವಿಲ್ಲದೆ ಕೂತವರು. ಕರೆದದ್ದೇ ತಡ, ಮಕ್ಕಳು ಮರಿ ಮುದುಕಿಯರ ಸಮೇತ ಬಂದು ತುಂಬಿದರು. ಬಹಳ ದಿನದ ಮೇಲೆ ಕೈಗೆ ಕೆಲಸ ಸಿಕ್ಕವರ ಹುರುಪು ಅದು. ಹಾಡಿದರು, ಕುಣಿದರು. ನನ್ನ ದೊಡ್ಡತ್ತೆ ಮತ್ತು ಸಣ್ಣತ್ತೆ ಯಾವುದೋ ಹಳೇ ಮದುವೆಯ ಸೀರೆಯ ವಿಷಯ ತೆಗೆದು ಮೂರು ದಿನ ಕೂಗಾಡಿದರು. ಮನೆ ಹಿಟ್ಟು ಹುದುಗಿದಂತೆ ಉಬ್ಬಿತು. ಏಳು ಆಯಿತು, ಎಂಟಾಯಿತು. ಅಪ್ಪ ಮೆಲ್ಲಗೆ, "ಸಾಕು ಅಂತ ಹೇಳೋಣ್ವಾ?" ಅಂದ. "ಹಬ್ಬದ ಮುಂದೆ ನೆಂಟರನ್ನ ಎದ್ದು ಹೋಗಿ ಅನ್ನೋಕಾಗುತ್ತಾ? ನೀವೇ ಹೇಳಿ, ನನ್ನ ಬಾಯಲ್ಲಿ ಬರಲ್ಲ" ಅಂದಳು ಅಮ್ಮ. ಅವಳ ಬಾಯಲ್ಲಿ ಬರದ ಮಾತು ಇದೆ ಅಂತ ಅವತ್ತೇ ಗೊತ್ತಾದದ್ದು. ಹುಟ್ಟಿದಾಗಿನಿಂದ ಮನೆ ಇಳಿಯದಂತೆ ನೋಡಿಕೊಳ್ಳುವುದೊಂದೇ ನಮಗೆ ಗೊತ್ತು. ಮನೆಗೆ ಸಾಕು ಅನ್ನುವುದನ್ನು ಯಾರೂ ಕಲಿಸಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ, ಅಂದರೆ ಗಡುವಿನ ದಿನವೇ, ಜಂಬಣ್ಣ ಟೇಪು ಹಿಡಿದು ಬಂದ. ಹೊರಗಿನಿಂದ ಒಂದು ಸುತ್ತು ಅಳೆದ. ಇನ್ನೊಂದು ಸಲ ಅಳೆದ. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ.

"ಒಂಬತ್ತು ದಾಟಿ ಹೋಗಿದೆಯಲ್ಲೋ ಓಬಳೇಶಿ! ಸಾಹುಕಾರನ ಮನೆ ಮಾಡಿಟ್ಟಿದ್ದೀರಲ್ಲೋ!"

ಒಳಗೆ ದೊಡ್ಡತ್ತೆ ಇನ್ನೂ ಸೀರೆಯ ವಿಷಯ ಮಾತಾಡುತ್ತಿದ್ದಳು.

ಒಂದೇ ದಾರಿ ಇತ್ತು. ಅವಸರದಲ್ಲಿ ಬೆಳೆದ ಮನೆ ಅವಸರದಲ್ಲೇ ಇಳಿಯುತ್ತದೆ, ಅದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆದರೆ ಪೂರ್ತಿ ಖಾಲಿಯಾಗಬೇಕು. ಒಳಗೆ ಒಂದೇ ಒಂದು ಉಸಿರಿದ್ದರೂ ಗೋಡೆ ನಿಂತಲ್ಲಿಂದ ಕದಲುವುದಿಲ್ಲ. ಅಮ್ಮ ಒಲೆಗೆ ನೀರು ಸುರಿದಳು. ನೆಂಟರನ್ನೆಲ್ಲ ಕೆರೆ ಏರಿಯ ಕಡೆ ಅಟ್ಟಿದೆವು. ಸಣ್ಣತ್ತೆ, "ಕರೆಯೋದೂ ನೀವೇ, ಕಳಿಸೋದೂ ನೀವೇ" ಎಂದು ಮುಖ ತಿರುವಿ ಹೋದಳು. ಬೆಕ್ಕನ್ನೂ ಹೊರಗೆ ಹಾಕಿದೆವು. ಉಳಿದವನು ತಾತ ಒಬ್ಬ.

"ಬಾರಪ್ಪ, ಎತ್ಕೋತೀನಿ" ಅಂದ ಅಪ್ಪ.

"ನಾನು ಬರಲ್ಲ."

"ಸಾಯಂಕಾಲದವರೆಗೆ ಅಷ್ಟೇ. ಆಮೇಲೆ ವಾಪಸು ಬರ್ತೀವಲ್ಲ."

"ಹಂಗೇ ಅಂತಿದ್ರು ನನಗೆ. ಪ್ರತಿ ಮನೇಲೂ. ಪಾಲಯ್ಯ, ಇನ್ನೊಂದು ಮನೆ ಇದಕ್ಕಿಂತ ಚೆನ್ನಾಗಿದೆ, ಏಳು. ಎದ್ದೆ. ಎಷ್ಟು ಸಲ ಎದ್ದೆನೋ ನನಗೇ ಗೊತ್ತಿಲ್ಲ. ಈ ಸಲ ಏಳಲ್ಲ."

"ಅಪ್ಪ, ಮನೆ ಕೈತಪ್ಪಿ ಹೋಗುತ್ತೆ!"

"ಹೋಗೋದು ನಿನಗೆ ಅಭ್ಯಾಸ ಇದೆಯಲ್ಲ, ಹೋಗು."

ಅಪ್ಪ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ. ತಾತ ಸರಿಯಿದ್ದ ಬಲಗೈಯಿಂದ ಮಂಚದ ಕಾಲು ಹಿಡಿದುಕೊಂಡು, ಅಪ್ಪನ ಮುಂಗೈ ಕಚ್ಚಿದ. ಸುಳ್ಳಲ್ಲ, ರಕ್ತ ಬಂತು. ಅಮ್ಮ, "ಮಾವ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ನಿಜವಾಗಿಯೂ ಬಿದ್ದಳು. "ಎಡಗಾಲಿಗೆ ಬಿದ್ದಿದ್ದೀಯ, ಅದು ನನಗೆ ಗೊತ್ತಾಗಲ್ಲ" ಅಂದ ತಾತ.

ಇಷ್ಟರಲ್ಲಿ ಮೋಜಣಿ ಮೇಡಂ ಬಂದರು. ನಾವು ಮೂವರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಆಕೆಯ ಹೆಸರು ಚಂದ್ರಲೇಖಾ, ನಡುವಯಸ್ಸಿನ, ಕಡಿಮೆ ಮಾತಿನ ಹೆಂಗಸು. ಅವತ್ತು ಊರಲ್ಲಿ ಸುತ್ತಿ ಸುತ್ತಿ ಹಿಮ್ಮಡಿ ಒಡೆದಿತ್ತು. ನಮ್ಮದೇ ಕೊನೇ ಮನೆ. ಸೂರ್ಯ ಮುಳುಗಿದರೆ ಆದೇಶವೂ ಮುಗಿಯಿತು.

ಮನೆ ಎಷ್ಟೇ ಕುಗ್ಗಲಿ ಹಿಗ್ಗಲಿ, ಮೊದಲ ಕಲ್ಲು ಇಟ್ಟ ಮೂಲೆ ಕದಲುವುದಿಲ್ಲ. ಮೇಡಂ ಆ ಮೂಲೆಯಲ್ಲಿ ಟೇಪಿನ ತುದಿಯನ್ನು ಅಪ್ಪನ ಕೈಗೆ ಕೊಟ್ಟು, ಇತ್ತ ನಡೆದು ಬಂದು, ಒಂಬತ್ತನೇ ಅಂಕಣ ಮುಗಿಯಬೇಕಾದ ಜಾಗದಲ್ಲಿ ಉದ್ದ ಗೋಡೆಯ ಬುಡದ ನೆಲಕ್ಕೆ ಸುಣ್ಣದ ಗೆರೆ ಎಳೆದರು. ತುದಿಯ ಗೋಡೆ ಆ ಗೆರೆ ದಾಟಿ ಒಂದು ಮೊಳಕ್ಕಿಂತ ಹೆಚ್ಚು ಮುಂದಕ್ಕೆ ಬಂದಿತ್ತು.

"ಇದು ಆಗಲ್ಲ" ಅಂದರು.

"ಇಳಿಯುತ್ತೆ ಮೇಡಂ, ಈಗ ಇಳಿಯುತ್ತೆ. ಸೂರ್ಯ ಇನ್ನೂ ಇದ್ದಾನೆ" ಅಂದ ಜಂಬಣ್ಣ.

"ಒಳಗೆ ಯಾರಿದ್ದಾರೆ?"

"ಮುದುಕ ಒಬ್ಬ. ಈಗ ಬರ್ತಾನೆ."

ಮೇಡಂ ಎದುರಿನ ಕಲ್ಲಿನ ಮೇಲೆ ಕೂತರು. "ಬೆಳಕಿರೋವರೆಗೆ ಕೂರ್ತೀನಿ. ಅಳತೆಗೆ ಬಂದರೆ ಮುದ್ರೆ ಒತ್ತುತ್ತೀನಿ. ಬರದಿದ್ರೆ ನನ್ನ ಬೈಯಬೇಡಿ."

ಕೂತೆವು. ಗೋಡೆ ಕದಲಲಿಲ್ಲ. ಅಮ್ಮ ಕಿಟಕಿಯ ಹತ್ತಿರ ಹೋಗಿ ಬೇಡಿಕೊಂಡು ಬಂದಳು. ನಾನು ಹೋದೆ. "ತಾತ, ನನಗೋಸ್ಕರ ಬಾ" ಅಂದೆ. "ನೀನು ಓದಿದವಳು, ನಿನಗೋಸ್ಕರ ನೀನೇ ಏನಾದ್ರೂ ಮಾಡ್ಕೋ" ಅಂದ. ಜಂಬಣ್ಣ ಹೋಗಿ, "ಪಾಲಯ್ಯ, ನಾವಿಬ್ಬರೂ ಹಳಬರು" ಎಂದು ಶುರುಮಾಡಿದ. ತಾತ ಹೇಳಿದ್ದನ್ನು ಬರೆಯುವಂತಿಲ್ಲ. ಮೇಡಂ ಅತ್ತ ತಿರುಗಿ ಕೂತರು.

ಬಿಸಿಲು ಟ್ಯಾಂಕಿನ ಕೆಳಗೆ ಇಳಿಯಿತು. ಅಪ್ಪ ಟೇಪಿನ ತುದಿಯನ್ನು ಬಿಟ್ಟಿರಲಿಲ್ಲ, ಬಿಟ್ಟರೆ ಮನೆಯೇ ಹೋಗುತ್ತದೆ ಅನ್ನುವ ಹಾಗೆ ಹಿಡಿದುಕೊಂಡಿದ್ದ. ಅವನ ಮುಂಗೈಯಲ್ಲಿ ತಾತನ ಹಲ್ಲಿನ ಗುರುತು ಊದಿತ್ತು. ಇದ್ದಕ್ಕಿದ್ದಂತೆ ಅವನು ಕಿಟಕಿಯ ಕಡೆ ಮುಖ ಮಾಡಿ ಕಿರುಚಿದ.

"ಸಾಯಿ ಹಂಗಾದ್ರೆ! ಅಲ್ಲೇ ಸಾಯಿ! ಜೀವಮಾನವೆಲ್ಲ ಕಂಡೋರ ಮನೆಗೆ ಉಸಿರು ಮಾರ್ಕೊಂಡೆ, ಮಗನ ಮನೆಗೆ ಒಂದು ಗಳಿಗೆ ಉಸಿರು ತೆಗೀ ಅಂದ್ರೆ ಆಗಲ್ಲ ನಿನಗೆ!"

ಒಳಗಿನಿಂದ ಉತ್ತರ ಬರಲಿಲ್ಲ. ಉತ್ತರ ಕೊಡದೆ ಸುಮ್ಮನಿರುವ ಮನುಷ್ಯ ಅಲ್ಲ ತಾತ. ನಾವು ಕಾದೆವು. ಕಾಗೆಗಳು ಟ್ಯಾಂಕಿನ ಕಡೆ ಹೋದವು.

ಸ್ವಲ್ಪ ಹೊತ್ತಿಗೆ ಬೀಸುಕಲ್ಲು ಎಳೆದಂಥ ಸದ್ದಾಯಿತು. ಗೋಡೆಯ ಬುಡದಲ್ಲಿ ಒಂದು ಬೆರಳಗಲ ಹಸಿ ಮಣ್ಣು ಕಂಡಿತು. ಆಮೇಲೆ ಎರಡು ಬೆರಳು.

ನಮ್ಮೂರಲ್ಲಿ ಒಂಟಿ ಮುದುಕರು ಹೋದದ್ದನ್ನು ಯಾರೂ ಬಾಗಿಲು ತಟ್ಟಿ ತಿಳಿದುಕೊಳ್ಳುವುದಿಲ್ಲ. ಗೋಡೆ ಸರಿಯಿತು ಅಂದರೆ ಮುಗಿಯಿತು, ಚಟ್ಟಕ್ಕೆ ಬಿದಿರು ತರಲು ಹೋಗುತ್ತಾರೆ. ಮುಂಬಾಗಿಲು ನಮ್ಮ ಕಣ್ಣೆದುರೇ ಮುಚ್ಚಿತ್ತು. ಕೈಕಾಲು ಬಿದ್ದು, ಒಂದಕ್ಕೆ ಹೋಗಲೂ ನಮ್ಮ ಹೆಗಲು ಬೇಕಾದ ಮನುಷ್ಯ ಒಳಗಿದ್ದ. ಗೋಡೆ ಸರಿಯುತ್ತಿತ್ತು.

ನಾನು ಎದ್ದು ಒಂದು ಹೆಜ್ಜೆ ಇಟ್ಟೆ. ಅಮ್ಮ ನನ್ನ ರಟ್ಟೆ ಹಿಡಿದಳು. ನನ್ನ ಕಡೆ ನೋಡಲಿಲ್ಲ, ಗೆರೆಯನ್ನೇ ನೋಡುತ್ತಿದ್ದಳು. ಅವಳ ಉಗುರುಗಳು ಚರ್ಮಕ್ಕೆ ಇಳಿದವು. ಒಳಗೆ ಯಾರು ಕಾಲಿಟ್ಟರೂ ಗೋಡೆ ಅಲ್ಲಿಗೇ ನಿಲ್ಲುತ್ತದೆ, ಗೆರೆಗೆ ಇನ್ನೂ ಅರ್ಧ ಮೊಳವಿತ್ತು. ಅಪ್ಪನಿಗೂ ಅದು ಗೊತ್ತಿತ್ತು. ಅವನು ಮೂಲೆಗಲ್ಲಿನ ಹತ್ತಿರ ತಲೆ ಬಗ್ಗಿಸಿ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದ. ನಾನು ರಟ್ಟೆ ಕಿತ್ತುಕೊಂಡು ಓಡಬಹುದಿತ್ತು. ಓಡಲಿಲ್ಲ.

"ಮುದುಕರು ಹೊರಗೆ ಬಂದ್ರಾ?" ಮೇಡಂ ಕೇಳಿದರು.



"ಬಂದಿರಬೇಕು ಮೇಡಂ" ಅಂದ ಜಂಬಣ್ಣ ಕೊನೆಗೆ.

ಮೇಡಂ ಮುಚ್ಚಿದ ಬಾಗಿಲನ್ನು ನೋಡಿದರು, ಅಮ್ಮನ ಮುಖ ನೋಡಿದರು. ಆಮೇಲೆ ಎದ್ದು ಬಂದು ಗೆರೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಗೋಡೆಯನ್ನು ಮಾತ್ರ ನೋಡತೊಡಗಿದರು. ಆಕೆಯೂ ಈ ಊರಿನವಳೇ.

ಗೋಡೆ ಸರಿದ ಜಾಗದಲ್ಲಿ ಎರೆಹುಳಗಳು ಬೆಳಕಿಗೆ ಹೆದರಿ ಹೊರಳುತ್ತಿದ್ದವು. ಬಿಳಿ ಬೇರುಗಳಿದ್ದವು. ಗೇಣು ಉಳಿಯಿತು. ನಾಲ್ಕು ಬೆರಳು ಉಳಿಯಿತು. ಅಮ್ಮ ತುಟಿ ಆಡಿಸುತ್ತಿದ್ದಳು, ದೇವರ ಹೆಸರೋ ಬೆರಳೆಣಿಕೆಯೋ ತಿಳಿಯಲಿಲ್ಲ. ಗೋಡೆ ಗೆರೆಗೆ ಮುಟ್ಟಿ, ದಾಟಿ, ಸುಣ್ಣ ಪೂರ್ತಿ ಈಚೆ ಬಿತ್ತು.

"ಒಂಬತ್ತು" ಅಂದರು ಮೇಡಂ. ಕಾಗದವನ್ನು ತೊಡೆಯ ಮೇಲಿಟ್ಟು ಸಹಿ ಹಾಕಿದರು. ಮುದ್ರೆ ಒತ್ತಿದರು. ಮೊದಲ ಸಲ ಸರಿಯಾಗಿ ಮೂಡಲಿಲ್ಲ, ಮುದ್ರೆಗೆ ಬಾಯಿಂದ ಬಿಸಿಯುಸಿರು ಬಿಟ್ಟು ಇನ್ನೊಮ್ಮೆ ಒತ್ತಿದರು. ಅಷ್ಟು ಹೊತ್ತೂ ನಾವು ಕಾದೆವು.

ಅಪ್ಪ ಟೇಪು ಬಿಸುಟು ಓಡಿದ. "ಅಪ್ಪಾ!" ಎಂದು ಅವನು ಕೂಗಿದ ಕೂಗು ಖಾಲಿ ಮನೆಯಲ್ಲಿ ಸುತ್ತಿ ಹೊರಗೆ ಬಂತು. ಅಮ್ಮ ಹೊಸ್ತಿಲಲ್ಲೇ ಅಳಲು ಶುರುಮಾಡಿದಳು. ನಾನು ಅವಳನ್ನು ದಾಟಿ ಒಳಗೆ ಹೋದೆ.

ಮಂಚ ಖಾಲಿಯಿತ್ತು. ಮಂಚದಿಂದ ಅಡುಗೆಮನೆಯ ತನಕ ನೆಲದ ಧೂಳಿನಲ್ಲಿ ಹಾವು ಹರಿದಂತೆ ಒಂದು ಪಟ್ಟೆ. ಹಿತ್ತಿಲ ಬಾಗಿಲು ತೆರೆದಿತ್ತು.

ತಾತ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ಕೂತಿದ್ದ. ಬಲ ಮೊಣಕೈ ಪೂರ್ತಿ ತರಚಿ ಮಣ್ಣು ಮೆತ್ತಿತ್ತು. ಗದ್ದದಲ್ಲೂ ರಕ್ತ. ಬಾಯಲ್ಲಿ ಹಚ್ಚದ ಬೀಡಿ. ಬೆಂಕಿಪೊಟ್ಟಣವನ್ನು ಒಂದೇ ಕೈಯಲ್ಲಿ ಗೀರಲು ಆಗದೆ ತೊಡೆಯ ನಡುವೆ ಸಿಕ್ಕಿಸಿಕೊಂಡಿದ್ದ.

ಅಪ್ಪ ಹತ್ತಿರ ಹೋಗಲಾರದೆ ನಿಂತುಬಿಟ್ಟ.

"ಇಳೀತಾ?" ಕೇಳಿದ ತಾತ.

"ಹ್ಞೂಂ."

"ಮುದ್ರೆ ಬಿತ್ತಾ?"

"ಬಿತ್ತು."

"ನೀನು ಎತ್ತಿ ಹೊರಗೆ ಹಾಕ್ತಿದ್ದೆ ನನ್ನ. ಯಾರೂ ಹಾಕಬೇಕಾಗಿಲ್ಲ. ನಾನೇ ಬಂದೆ." ಅವನ ಮುಖದಲ್ಲಿ ಚಿಕ್ಕದೊಂದು ಜಂಬವಿತ್ತು. ನನ್ನ ಕೈಗೆ ಬೆಂಕಿಪೊಟ್ಟಣ ಕೊಟ್ಟ. ನಾನು ಕಡ್ಡಿ ಗೀರಿ ಹಿಡಿದೆ. ಬೀಡಿ ಹತ್ತಿತು. ಒಂದು ದಮ್ಮು ಎಳೆದು, ಹೊಗೆ ಬಿಡುತ್ತಾ, ಅವನು ಏನನ್ನೋ ಯೋಚಿಸಿದ. ಮುಂದಿನ ಹೊಸ್ತಿಲಲ್ಲಿ ಅಮ್ಮ ಅಳುತ್ತಿರುವುದು ಕೇಳಿಸುತ್ತಿತ್ತು. ಇವನು ಸಿಕ್ಕಿದ್ದು ಅವಳಿಗಿನ್ನೂ ಗೊತ್ತಿರಲಿಲ್ಲ.

"ಗೋಡೆ ಸರಿಯೋದು ನೋಡಿದ್ರಾ ನೀವು?"

ಅಪ್ಪ ಮುಂಗೈಯ ಗಾಯ ಒರೆಸಿಕೊಂಡ.

"ಎಲ್ಲರೂ ನೋಡಿದ್ರಾ?"

ನಾನು ಕಡ್ಡಿ ಆರಿಸಿದೆ.

ತಾತ ನಮ್ಮಿಬ್ಬರ ಮುಖ ನೋಡಿದ. ನಿಧಾನವಾಗಿ ನೋಡಿದ, ಮೊದಲು ಮಗನದು, ಆಮೇಲೆ ನನ್ನದು. ಬೀಡಿ ಪೂರ್ತಿ ಮುಗಿಯುವ ತನಕ ಸೇದಿದ. ಆಮೇಲೆ ಬಲಗೈ ಮೇಲೆತ್ತಿ, "ಎತ್ತು" ಅಂದ. ಅಪ್ಪ ಎತ್ತಿಕೊಂಡ. ಈ ಸಲ ಕಚ್ಚಲಿಲ್ಲ. ಕಚ್ಚಿದ್ದರೆ ಅಪ್ಪನಿಗೆ ವಾಸಿಯಿತ್ತು ಅನ್ನಿಸುತ್ತದೆ.

ಮನೆ ನಮ್ಮದಾಯಿತು. ಜಂಬಣ್ಣನ ಸಾಲಿನಲ್ಲಿ ಇನ್ನೂ ಎರಡು ಮನೆಗೆ ಜನ ಬಂದರು, ವಿನಾಯಿತಿ ಇಲ್ಲದೆಯೂ. ಅವನು ಈಗ ಮತ್ತೆ ನಮ್ಮ ಬಾಗಿಲಿಗೆ ಚಪ್ಪಲಿ ಹಾಕಿಕೊಂಡೇ ಬರುತ್ತಾನೆ. ಅಪ್ಪ ತಿಂಗಳ ಕಂತು ಕಟ್ಟಲು ಪಕ್ಕದ ಊರಿನ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಹಿತ್ತಿಲಲ್ಲಿ ಅಮ್ಮ ಕರಿಬೇವು ಹಾಕಿದ್ದಾಳೆ. ತಾತ ಎಲ್ಲರೊಡನೆ ಮೊದಲಿನಂತೆಯೇ ಮಾತಾಡುತ್ತಾನೆ, ಅಂಬಲಿಗೆ ಉಪ್ಪು ಕಮ್ಮಿಯಾದರೆ ಬೈಯುತ್ತಾನೆ.

ಆದರೆ ಹಬ್ಬದ ದಿನವೇ ಅವನು ತನ್ನ ಮಂಚವನ್ನು ಜಗಲಿಗೆ ಹಾಕಿಸಿಕೊಂಡ. ಚಳಿಯಾಗುತ್ತೆ, ಒಳಗೆ ಬಾ ಎಂದು ಅಪ್ಪ ಎಷ್ಟು ಹೇಳಿದರೂ ಬರಲಿಲ್ಲ. ಜಗಲಿ ಹೊರಗಿನದು, ಅಲ್ಲಿ ಮಲಗಿದವರ ಉಸಿರು ಮನೆಗೆ ಸೇರುವುದಿಲ್ಲ. ಅವನಿಗೆ ಏನಾದರೂ ಗೋಡೆ ನಮಗೆ ಹೇಳುವುದಿಲ್ಲ. ಯಾರಾದರೂ ಹತ್ತಿರ ಹೋಗಿ ನೋಡಲೇಬೇಕು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ಹೋಗಿ, ಬಗ್ಗಿ, ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಾಳೆ. ತಾತ ಕಣ್ಣು ತೆರೆಯುವುದಿಲ್ಲ.

"ಇದ್ದೀನಮ್ಮ," ಅನ್ನುತ್ತಾನೆ, "ನಾಳೆ ಬಾ."